ಮೊದಲ ಎರಡಕ್ಷರ

“ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಸಿಸ್ಟರ್,” ಎಂದ ಪೇಂಟರ್. “ಆ ಉದ್ದದ ಪದ. ದೊಡ್ಡ ಡಾಕ್ಟರು ಎರಡು ಸಲ ಹೇಳಿದ್ರಲ್ಲ, ಅದು.”

ಡಾಕ್ಟರುಗಳ ಗುಂಪು ಆಗಷ್ಟೇ ಪಕ್ಕದ ವಾರ್ಡಿಗೆ ದಾಟಿತ್ತು. ಕೇಸ್ ಶೀಟನ್ನು ಮಂಚದ ಕಂಬಿಗೆ ಸಿಕ್ಕಿಸುತ್ತಿದ್ದ ನರ್ಸ್ ಹಾಗೇ ನಿಂತಳು.

“ಇವರಿಗೆ ಅದೊಂದು ಚಟ,” ಎಂದಳು ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ. “ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಬೋರ್ಡು ಬರೀತಿದ್ದಾರೆ. ಅರ್ಥ ಕೇಳಿದ್ರೆ ಸೊನ್ನೆ.”

“ಅರ್ಥ ಕಟ್ಕೊಂಡು ನಾನೇನು ಮಾಡ್ಲಿ? ಗಿರಾಕಿ ಚೀಟಿ ಕೊಡ್ತಾನೆ, ನಾನು ಬರೀತೀನಿ. ಅಕ್ಷರ ದುಂಡಗಿದ್ರೆ ಸಾಕು.”

ಹದಿನೇಳು ದಿನಗಳ ಹಿಂದೆ ಔಷಧಿ ಅಂಗಡಿಯೊಂದಕ್ಕೆ ಬೋರ್ಡು ಬರೆಯುತ್ತಿದ್ದಾಗ ಏಣಿ ಜಾರಿ ಬಿದ್ದಿದ್ದ. ತಲೆಯ ಗಾಯ ಮಾಗಿತ್ತು. ಕೈಕಾಲು ನೆಟ್ಟಗಿದ್ದವು. ಕಣ್ಣುಗಳೂ ನೋಡುವವರಿಗೆ ಸರಿಯಾಗಿಯೇ ಕಾಣುತ್ತಿದ್ದವು. ಆದರೆ ಒಳಗಿನ ನರಗಳಿಗೆ ಏಟು ಬಿದ್ದು, ಕಿಟಕಿಯ ಬೆಳಕು ಎತ್ತ ಕಡೆಯಿಂದ ಬರುತ್ತಿದೆ ಎಂಬುದೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಮೂರು ತಿಂಗಳ ಹಿಂದಾಗಿದ್ದರೆ ನರ್ಸಿಗೆ ಇದೊಂದು ಕಷ್ಟವೇ ಆಗಿರಲಿಲ್ಲ. ಡಾಕ್ಟರು ಏನಂದರು ಎಂದು ರೋಗಿಗಳ ಕಡೆಯವರು ಕೇಳಿದಾಗಲೆಲ್ಲ “ನನಗೆಲ್ಲಿ ಬರುತ್ತಮ್ಮ ಅವರ ಇಂಗ್ಲಿಷು” ಎಂದುಬಿಡುತ್ತಿದ್ದಳು. ಅದು ನಿಜವೂ ಆಗಿತ್ತು. ಔಷಧಿಗಳ ಹೆಸರು, ದಿನದ ಮಾತು ಬರುತ್ತಿದ್ದವು. ಡಾಕ್ಟರುಗಳು ತಮ್ಮತಮ್ಮಲ್ಲಿ ಶುರುಮಾಡಿದರೆ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಹೆಡ್ ನರ್ಸ್ ಹುದ್ದೆಯ ಪರೀಕ್ಷೆಯಲ್ಲಿ ಎರಡು ಸಲ ಅವಳನ್ನು ಕೆಡವಿದ್ದೂ ಇಂಗ್ಲಿಷ್ ಪದಗಳ ಪೇಪರೇ. ಅದಕ್ಕೇ ಡ್ಯೂಟಿ ಮುಗಿಸಿ ಸಂಜೆಯ ಕ್ಲಾಸಿಗೆ ಸೇರಿದ್ದಳು.

ಅಲ್ಲಿನ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: “ಉದ್ದ ಪದ ನೋಡಿ ಹೆದರಬಾರದು. ಸೌತೆಕಾಯಿ ಹಾಗೆ ಹೆಚ್ಚಬೇಕು. ತಲೆ ಬೇರೆ, ಬಾಲ ಬೇರೆ. ಮಧ್ಯದಲ್ಲಿ ಉಳಿಯೋದೇ ಬೇರು.” ದಿನಕ್ಕೆ ಹತ್ತು ಪದ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು, ಪಾತ್ರೆ ತಿಕ್ಕುತ್ತ ಬಾಯಿಪಾಠ ಮಾಡುತ್ತಿದ್ದಳು. “ಅಮ್ಮ, ಇನ್ಮೇಲೆ ನನ್ನನ್ನ ಬೈಯೋಕೂ ಡಿಕ್ಷನರಿ ತೆಗೀತೀಯಾ?” ಎಂದು ಮಗಳು ನಗುತ್ತಿದ್ದಳು. ಹೋಗುತ್ತ ಹೋಗುತ್ತ ಕಿವಿಗೆ ಬಿದ್ದ ಪದಗಳು ತಾವಾಗಿಯೇ ತುಂಡಾಗತೊಡಗಿದವು.

ಈ ಬೆಳಿಗ್ಗೆಯೂ ಹಾಗೇ ಆಯಿತು. ದೊಡ್ಡ ಡಾಕ್ಟರು ‘ಇರ್ರಿವರ್ಸಿಬಲ್’ ಎಂದದ್ದೇ ತಡ, ಪದ ಮೂರು ಹೋಳಾಗಿ ಅವಳೆದುರು ಬಿತ್ತು: ಬಾಲದಲ್ಲಿ ‘ಆಗುವಂಥದು’, ನಡುವೆ ‘ಹಿಂದಕ್ಕೆ’, ತಲೆಯಲ್ಲಿ ‘ಇಲ್ಲ’. ಗೊತ್ತಾಯಿತಲ್ಲ ಎಂದು ಒಂದು ಗಳಿಗೆ ಹಿಗ್ಗಿದಳು. ಆಮೇಲೆ ಮಂಚದ ಮೇಲಿದ್ದವನ ಮುಖ ನೋಡಿದಳು. ಬಾಗಿಲ ಬಳಿ ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದ್ದರು: “ಅವರಿಗೆ ಈಗಲೇ ಏನೂ ಹೇಳಬೇಡಿ. ಸೋಮವಾರ ನಾನೇ ಕೂತು ಮಾತಾಡ್ತೀನಿ.” ಇವತ್ತಿನ್ನೂ ಶುಕ್ರವಾರ.

“ಹೇಳಿ ಸಿಸ್ಟರ್. ಕೈ ಜಡ್ಡುಗಟ್ಟಿಹೋಗಿದೆ.”

ಅಕ್ಷರ ಹೇಳಿದರೆ ಅರ್ಥ ಹೇಳಿದಂತೆ ಆಗುವುದಿಲ್ಲವಲ್ಲ ಎಂದುಕೊಂಡು ನರ್ಸ್ ಶುರುಮಾಡಿದಳು. “ಐ. ಆರ್. ಇನ್ನೊಂದು ಆರ್. ಇ. ವಿ...” ಪೇಂಟರ್ ತೋರುಬೆರಳಿನಿಂದ ಹೊದಿಕೆಯ ಮೇಲೆ ಬರೆಯುತ್ತ ಹೋದ. ಪ್ರತಿ ಅಕ್ಷರವೂ ಒಂದೇ ಎತ್ತರ, ನಡುವೆ ಒಂದೇ ಅಳತೆಯ ಜಾಗ. ಕೊನೆಯ ಅಕ್ಷರಕ್ಕೆ ಬರುವಾಗ ಬೆರಳು ಮಂಚದ ಅಂಚಿಗೆ ಬಂದಿತ್ತು.

“ಹನ್ನೆರಡು,” ಎಂದ. “ಅದರಲ್ಲಿ ಮೂರು ಆರ್. ಕಾಲು ಚಾಚೋ ಅಕ್ಷರ, ಜಾಗ ತಿನ್ನುತ್ತೆ.” ಬೆರಳು ನಿಧಾನವಾಗಿ ಹಿಂದಕ್ಕೆ ಬಂದು ಪದದ ನಡುವೆ ನಿಂತಿತು. “ಇದರೊಳಗೆ ರಿವರ್ಸ್ ಇದೆ. ಗ್ಯಾರೇಜಿನ ಗೋಡೆ ಮೇಲೆ ಎಷ್ಟು ಸಲ ಬರೆದಿಲ್ಲ ನಾನು.”

“ರಿವರ್ಸ್ ಅಂದ್ರೆ ಹಿಂದಕ್ಕೆ ಬರೋದು ತಾನೆ? ಲಾರಿಯವರು ಕೂಗ್ತಾರಲ್ಲ,” ಎಂದು ಹೆಂಡತಿ ಎದ್ದು ನಿಂತಳು. ನರ್ಸಿನ ಮಣಿಕಟ್ಟು ಹಿಡಿದುಕೊಂಡಳು. “ಹಾಗಾದ್ರೆ ದೃಷ್ಟಿ ಹಿಂದಕ್ಕೆ ಬರುತ್ತೆ ಅಂತಲೇ ಅವರು ಹೇಳಿದ್ದು. ಅಲ್ವಾ ಸಿಸ್ಟರ್?”

“ಡಾಕ್ಟರೇ ಸೋಮವಾರ ಹೇಳ್ತಾರಮ್ಮ. ನಾನು ಹೇಳೋ ಹಾಗಿಲ್ಲ.”

“ಆಯ್ತು, ನೀವು ಹೇಳ್ಬೇಡಿ. ನಿಮಗ್ಯಾಕೆ ತೊಂದರೆ.” ಗುಟ್ಟೊಂದನ್ನು ಹಂಚಿಕೊಂಡವಳಂತೆ ಅವಳು ನಕ್ಕಳು. ಈ ವಾರ್ಡಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನರ್ಸ್ ನೋಡಿದ್ದು ಇದೇ ಮೊದಲು. “ನಾದಿನಿಗೆ ಒಂದು ಫೋನ್ ಮಾಡಿ ಬರ್ತೀನಿ. ಅಣ್ಣನ ಚಿಂತೇಲಿ ಸರಿಯಾಗಿ ಊಟಾನೂ ಮಾಡ್ತಿಲ್ಲ ಪಾಪ.”

ನರ್ಸ್ ಎರಡು ಹೆಜ್ಜೆ ಅವಳ ಹಿಂದೆ ಹೋದಳು. ಕರೆಯಬೇಕೆಂದು ಬಾಯಿ ತೆರೆದಳು. ಕರೆದು ಏನು ಹೇಳುವುದು? ಆಗಲೇ ವರಾಂಡದಿಂದ ದನಿ ಕೇಳಿಸುತ್ತಿತ್ತು: “ಹೂಂ ಕಣೇ, ದೊಡ್ಡ ಡಾಕ್ಟರೇ ಅಂದ್ರು...”

“ಅವಳು ಹೋದ್ಲಾ?” ಎಂದ ಪೇಂಟರ್.

“ಹೂಂ.”

ಅವನ ಬೆರಳು ಪದದ ಮೊದಲಿಗೆ ಸರಿದಿತ್ತು. “ಇಲ್ಲಿ ಮುಂದೆ ಎರಡಕ್ಷರ ಇದಾವಲ್ಲ. ಐ, ಆರ್. ರಿವರ್ಸ್‌ಗೆ ಇವು ಬೇಕಾಗಿಲ್ಲ. ದಂಡಕ್ಕೆ ಅಂತ ಯಾರೂ ಅಕ್ಷರ ಬರೆಸಲ್ಲ ಸಿಸ್ಟರ್. ಇವು ಏನು ಮಾಡ್ತವೆ?”

ಸಂಜೆಯ ಕ್ಲಾಸಿನಲ್ಲಿ ಮೇಷ್ಟ್ರು ಇದನ್ನೇ ಕೇಳಿದ್ದರೆ ಎಲ್ಲರಿಗಿಂತ ಮೊದಲು ಅವಳೇ ಕೈಯೆತ್ತುತ್ತಿದ್ದಳು. ಈಗ ಟ್ರೇಯಲ್ಲಿದ್ದ ಹತ್ತಿಯ ಉಂಡೆಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದಳು. ಪಕ್ಕದ ಮಂಚದ ಮುದುಕ ಕೆಮ್ಮಿ ಮಗ್ಗುಲು ಬದಲಿಸಿದ. ಪೇಂಟರನ ಬೆರಳು ಆ ಎರಡಕ್ಷರದ ಮೇಲೇ ಇತ್ತು.

“ಡ್ರಾಪ್ಸ್ ಹಾಕೋ ಹೊತ್ತಾಯ್ತು,” ಎಂದಳು.

ಅವನು ಅಂಗೈ ಚಾಚಿ, ಹೊದಿಕೆಯ ಮೇಲೆ ಕಾಣದ ಆ ಬರಹವನ್ನು ಒಂದೇ ಸಲಕ್ಕೆ ಸವರಿದ.

“ಹಾಕಿ,” ಎಂದ. “ಸೋಮವಾರದವರೆಗೂ ಅವಳಿಗೆ ಹೇಳೋದು ಬೇಡ. ಮೂರು ದಿನ ಮಾತಾಡ್ಕೊಂಡಿರ್ಲಿ.”

ನರ್ಸ್ ಅವನ ಗದ್ದ ಹಿಡಿದು ಮುಖವನ್ನು ಮೇಲಕ್ಕೆತ್ತಿದಳು. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಅವನು ಕಣ್ಣು ಅಗಲಿಸಿ ಹಿಡಿದ. ಯಾರೇ ಆದರೂ ಹನಿ ಬರುವುದನ್ನು ಕಂಡು ಮೊದಲೇ ರೆಪ್ಪೆ ಮುಚ್ಚುತ್ತಾರೆ. ಅವನ ರೆಪ್ಪೆ ಹನಿ ತಾಗಿದ ಮೇಲೆ ಬಡಿಯಿತು. ಕೆನ್ನೆಯ ಮೇಲೆ ಕಿವಿಯ ಕಡೆಗೆ ಇಳಿದದ್ದನ್ನು ಹತ್ತಿಯಲ್ಲಿ ಒತ್ತಿ ತೆಗೆದು, ಅವಳು ಇನ್ನೊಂದು ಕಣ್ಣಿನ ಮೇಲೆ ಬಾಟಲಿಯನ್ನು ಬಾಗಿಸಿದಳು.