ಕ್ಲೆಫ್ ಇಲ್ಲದ ಎರಡು ಹಾಳೆ

ವಯೋಲಾ, ಅಂದರೆ ತಗ್ಗು ದನಿಯ ದೊಡ್ಡ ಪಿಟೀಲು, ನುಡಿಸುವವರಿಗೆ ದೂರು ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ನಮ್ಮ ವಾದ್ಯವೃಂದದ ಹಿರಿಯ ವಯೋಲಾದವರು ಆ ಮಧ್ಯಾಹ್ನ ನನ್ನ ಕೋಣೆಗೆ ಬಂದದ್ದೂ ಜಗಳಕ್ಕೇ. ನಾನಿಲ್ಲಿ ನಕಲು ಮಾಡುವವಳು. ಇಡೀ ವೃಂದದ ದಪ್ಪ ಪುಸ್ತಕದಿಂದ ಒಂದೊಂದು ವಾದ್ಯದ ಪಾಲನ್ನು ಬೇರೆಯಾಗಿ ಬರೆದುಕೊಡುವುದು ನನ್ನ ಕೆಲಸ.

“ಏನಮ್ಮಾ, ಮೂರನೇ ಪುಟದಲ್ಲಿ ಕ್ಲೆಫ್ ನುಂಗಿ ಹಾಕಿದ್ದೀರಲ್ಲ! ಅಲ್ಲಿ ನಾವು ಮೇಲಕ್ಕೆ ಹೋಗ್ತೀವಿ, ಟ್ರೆಬಲ್ ಬರಬೇಕು. ಎಲ್ಲರ ಮುಂದೆ ನನ್ನ ಮಾನ ಹೋಯ್ತು.”

ಅವರು ಹೇಳಿದ್ದು ಸರಿ. ಸಾಲಿನ ಮೊದಲಲ್ಲಿ ಆ ಕ್ಲೆಫ್ ಗುರುತು ಇಲ್ಲದಿದ್ದರೆ ಐದು ಗೆರೆಗಳ ಮೇಲಿನ ಚುಕ್ಕೆಗಳಿಗೆ ಅರ್ಥವೇ ಇಲ್ಲ. ನಡುಗೆರೆಯ ಚುಕ್ಕೆ ಪಿಟೀಲಿನವರ ಟ್ರೆಬಲ್ ಕ್ಲೆಫ್‌ನಲ್ಲಿ ‘ಬಿ’ ಸ್ವರ, ವಯೋಲಾದವರ ಆಲ್ಟೊ ಕ್ಲೆಫ್‌ನಲ್ಲಿ ‘ಸಿ’. ಆದರೆ ತಪ್ಪೊಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಮುಖ ಗಂಟಿಕ್ಕಿಕೊಂಡೇ ಪೆನ್ನು ತೆಗೆದೆ.

ನಾನು ತಿದ್ದುವಷ್ಟು ಹೊತ್ತು ಅವರು ಗೋಡೆ ನೋಡುತ್ತ ನಿಂತರು. ಅಲ್ಲಿ ಅಪ್ಪನ ಸ್ವರದ ಹಾಳೆ ಅಂಟಿಸಿದ್ದೇನೆ. ತೀರಿಕೊಳ್ಳುವ ಹಿಂದಿನ ತಿಂಗಳು ಬರೆದದ್ದು. ಆರು ವರ್ಷದಿಂದ ಪಿಟೀಲಿನಲ್ಲಿ ನುಡಿಸಿ ಸೋತಿದ್ದೇನೆ. ರಾಗ ಸೊಟ್ಟಗೆ ನಡೆದು, ಕೊನೆಯ ಸ್ವರ ಮುಗಿಯದೆ ನೇತಾಡುತ್ತದೆ. ನಡುನಡುವೆ ಕಾರಣವಿಲ್ಲದೆ ನಾಲ್ಕೆಣಿಕೆಯಷ್ಟು ಖಾಲಿ. ಕೊನೆಗಾಲದಲ್ಲಿ ಅಪ್ಪನ ಬುದ್ಧಿ ಮಸುಕಾಗಿತ್ತು ಅಂತ ನಾನೇ ತೀರ್ಮಾನಿಸಿದ್ದೆ.

ವಯೋಲಾದವರು ಹಾಳೆ ನೋಡಿಕೊಂಡು ತಮ್ಮ ಆಲ್ಟೊ ರೂಢಿಯಲ್ಲೇ ಗುನುಗತೊಡಗಿದರು. ತಗ್ಗಿನ ದನಿ, ನಿಧಾನ. ಸೊಟ್ಟ ರಾಗ ನೆಟ್ಟಗಾಯಿತು. ಕೊನೆಯ ಸ್ವರ ಮನೆಗೆ ಬಂದವರಂತೆ ಬಂದು ಕೂತಿತು.

“ಚೆನ್ನಾಗಿದೆ ಕಣ್ರೀ. ಜೊತೆಗಾರರ ಹಾಳೆ ಎಲ್ಲಿ? ಖಾಲಿ ಇರೋ ಕಡೆ ಇನ್ನೊಬ್ಬರು ನುಡಿಸಬೇಕಲ್ವಾ?”

ಪೆನ್ನು ಕೆಳಗಿಟ್ಟು ಗೋಡೆಯ ಹತ್ತಿರ ಹೋದೆ.

ಅಪ್ಪನೂ ನಕಲುಗಾರ. ಊರಿಗೆಲ್ಲ ಕ್ಲೆಫ್ ಬರೆದು ಕೈಸೋತವನು ಮನೆಯವರಿಗೆ ಬರೆಯುವಾಗ ಅದನ್ನು ಹಾಕುತ್ತಲೇ ಇರಲಿಲ್ಲ. ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿಟ್ಟರೆ ಅಕ್ಕನದು, ವಯೋಲಾಗೆ. ಬಾಗಿಲ ಪಕ್ಕದ್ದು ನನ್ನದು, ಪಿಟೀಲಿಗೆ. “ಹಾಳೆ ಎಲ್ಲಿದೆ ಅನ್ನೋದೇ ಕ್ಲೆಫ್” ಅನ್ನುತ್ತಿದ್ದ.

ಅವನು ಹೋದ ಮೇಲೆ ಅಕ್ಕ ಬಂದದ್ದು ಎರಡು ದಿನ ತಡವಾಗಿ. ನಾನು ಬಾಯಿಗೆ ಬಂದದ್ದು ಅಂದೆ. ಕೋಪದಲ್ಲಿ ಎರಡೂ ಸ್ಟ್ಯಾಂಡಿನ ಹಾಳೆಗಳನ್ನೆಲ್ಲ ಬಾಚಿ, ನೋಡದೆ ಎರಡು ಭಾಗ ಮಾಡಿ, “ನಿನ್ನ ಪಾಲು ತಗೊಂಡು ಹೋಗು” ಎಂದೆ. ಹೋದಳು. ಅಂದಿನಿಂದ ಮಾತಿಲ್ಲ. ಅವಳಿಲ್ಲದೆ ನನಗೆ ಒಂದು ದಿನವೂ ಸರಿಹೋಗಿಲ್ಲ, ಆದರೆ ಮೊದಲು ಅವಳೇ ಫೋನ್ ಮಾಡಲಿ ಅಂತ ಕಾದೆ.

ವಯೋಲಾದವರು ಹೋದ ಕೂಡಲೇ ಬಾಗಿಲು ಹಾಕಿಕೊಂಡು ನಾನೇ ಫೋನ್ ಮಾಡಿದೆ.

“ಯಾರು?” ಎಂದಳು. ಯಾರೆಂದು ಗೊತ್ತಿತ್ತು ಅವಳಿಗೆ.

“ಅಕ್ಕಾ, ಅಪ್ಪನ ಕೊನೇ ಹಾಳೆ ಇದೆಯಾ ನಿನ್ನ ಹತ್ರ?”

“ಇದೆ. ಪ್ರತಿ ಭಾನುವಾರ ನುಡಿಸ್ತೀನಿ. ಸರಿಯಾಗಿ ಬರಲ್ಲ ಕಣೇ. ಪಾಪ, ಅಪ್ಪನಿಗೆ ಕೊನೆಗೆ ತಿಳೀತಾ ಇರಲಿಲ್ಲ ಅನ್ಸತ್ತೆ.”

“ತಿಳೀತಾ ಇತ್ತು. ನಾನು ಅದಲು ಬದಲು ಮಾಡಿದ್ದು. ಅದು ನಂದು. ಟ್ರೆಬಲ್ ಅಂತ ಓದು. ನಿಂದು ಇಲ್ಲಿದೆ.”

ಆ ಕಡೆ ಕಾಗದದ ಸದ್ದು. ಆಮೇಲೆ ಅವಳು ಮೆಲ್ಲಗೆ ಹಾಡತೊಡಗಿದಳು, ನನ್ನ ಪಾಲನ್ನು. ನಾನು ಗೋಡೆಯ ಹಾಳೆ ನೋಡುತ್ತ ಅವಳದನ್ನು ಹಾಡಿದೆ. ಗೋಡೆಯ ಹಾಳೆಯಲ್ಲಿ ಖಾಲಿ ಬಂದಲ್ಲೆಲ್ಲ ಅವಳು ಇದ್ದಳು. ಅವಳ ಖಾಲಿಗೆ ನಾನಿದ್ದೆ. ಆರು ವರ್ಷ ಆ ಖಾಲಿಯನ್ನು ನಾನು ಒಬ್ಬಳೇ ಎಣಿಸಿದ್ದೆ.

ಕೊನೆಯ ಸಾಲು ಮುಗಿಯಿತು.

“ಹಾಳೆ ಅಂಚೆಗೆ ಹಾಕ್ಲೇನೇ?” ಎಂದಳು.

“ಬೇಡ” ಎಂದೆ. “ಮನೇಲಿ ಕಿಟಕಿ ಪಕ್ಕದ ನಿನ್ನ ಸ್ಟ್ಯಾಂಡು ಹಾಗೇ ಇದೆ. ನೀನೇ ತಗೊಂಡು ಬಾ.”