ಅರವತ್ನಾಲ್ಕು ಕುರ್ಚಿಯ ರೂಟರ್

ನಾನೊಂದು ವೈಫೈ ರೂಟರ್. ಅಂಗೈಗಿಂತ ತುಸು ದೊಡ್ಡವನು, ಎರಡು ಕೊಂಬಿನವನು, ಸ್ವಲ್ಪ ಜಂಬದವನು. ನನ್ನನ್ನು ಮಾಡಿದವರು ನನ್ನ ನೆನಪಿನೊಳಗೆ ಸಾಲಾಗಿ ಕೋಣೆ ಕಟ್ಟಿದರು. ಹೆಸರಿನ ಕೋಣೆಗೆ ಅರವತ್ನಾಲ್ಕು ಕುರ್ಚಿ. ಪಕ್ಕದ ಕೋಣೆಯಲ್ಲಿ ನಾನು ಮುಂದೆ ಮಾಡಬೇಕಾದ ಕೆಲಸದ ಚೀಟಿ. ಅರವತ್ತೈದನೆಯವನು ಬಂದರೆ ಏನು ಗತಿ ಎಂದು ಯಾರೂ ಯೋಚಿಸಲಿಲ್ಲ. ಅವಸರದಲ್ಲಿದ್ದರು, ಪಾಪ.

ನಾನು ಸೇರಿದ್ದು ಬೆಟಗೇರಿಯ ನಿವೃತ್ತ ಪೋಸ್ಟ್ ಮಾಸ್ತರ ಕೊಟ್ರಪ್ಪನವರ ಮನೆಗೆ. ಹೆಂಡತಿ ನೀಲವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಕೊಟ್ರಪ್ಪನವರಿಗೆ ಕಿವಿ ಮಂದ, ಆಕೆ ಕೂಗಿದರೂ ಕೇಳದು. ಅದಕ್ಕೇ ಮಗಳು ಸುವರ್ಣಾ ತಾಯಿಯ ಮಂಚದೆದುರು ಕ್ಯಾಮೆರಾ ಇಟ್ಟಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಯ ನಡುವೆ ಅವಳ ಮೊಬೈಲಿಗೆ ತಾಯಿಯ ಚಿತ್ರ ಮುಟ್ಟಿಸುವ ಕೆಲಸ ನನ್ನದು.

ಕೊಟ್ರಪ್ಪನವರು ದೇವರ ಹೆಸರಿಲ್ಲದೆ ಏನನ್ನೂ ಬರೆದವರಲ್ಲ. ಕಿರಾಣಿ ಚೀಟಿಯ ನೆತ್ತಿಯ ಮೇಲೂ ‘ಶ್ರೀ’ ಇರಬೇಕು. ಮೊಬೈಲಿನಲ್ಲಿ ನನಗೆ ಹೆಸರಿಡುವ ಖಾನೆ ಕಂಡದ್ದೇ ತಡ, ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂದು ಶುರುಮಾಡಿ ಮನೆತನ, ಓಣಿ, ಊರು ಎಲ್ಲವನ್ನೂ ಒತ್ತಿದರು. ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು, ಆರು, ಒಂಬತ್ತು ಕುರ್ಚಿ ಬೇಕು. ಜಾಗ ಸಿಗದವು ಪಕ್ಕದ ಕೋಣೆಗೆ ನುಗ್ಗಿ ಕೆಲಸದ ಚೀಟಿಯ ಮೇಲೆಯೇ ಕುಳಿತುಬಿಟ್ಟವು. ನಾನು ಮೂರ್ಛೆ ಹೋದೆ.

ಚಿತ್ರ ನಿಂತಿತೆಂದು ಸುವರ್ಣಾ ಆಸ್ಪತ್ರೆಯಿಂದ ಓಡಿಬಂದಳು.

“ಏನ್ ಬರದ್ರಿ ಅಪ್ಪಾ ಇದರಾಗ?”

“ದೇವರ ಹೆಸರು ಬರದೀನಿ. ಮತ್ತೇನ್ ಬರೀಲಿ?”

ಓಣಿಗೆಲ್ಲ ಇಂಟರ್ನೆಟ್ ಹಾಕಿಕೊಡುವ ಜೈತುನ್ ಬಂದಳು. ನನ್ನನ್ನು ಎಬ್ಬಿಸಿ, ಉದ್ದುದ್ದ ಹೆಸರು ಕೊಟ್ಟು ನೋಡಿದಳು. ಪ್ರತಿ ಸಲವೂ ಬಿದ್ದೆ. ಅವಳು ಸುವರ್ಣಾಳ ಕಡೆ ತಿರುಗಿದಳು.

“ಅಪ್ಪಾರದು ತಪ್ಪಿಲ್ರಿ. ಇದರೊಳಗ ತೂತು ಐತಿ. ತಿಳದವ ಒಬ್ಬ ಬೇಕಂತ ಉದ್ದ ಬರದು ಕಳಿಸಿದ್ರ, ಇದು ಅವನ ಹುಕುಂ ಕೇಳತೈತಿ.”

“ಅವ್ವನ್ನ ನೋಡಬಹುದಾ ಅವ?”

“ನೋಡಬಹುದ್ರಿ.”

ನೀಲವ್ವನ ಮೈ ಒರೆಸಿ ಸೀರೆ ಬದಲಿಸುವುದು ಅದೇ ಮಂಚದ ಮೇಲೆ. ಸುವರ್ಣಾ ಕ್ಯಾಮೆರಾದ ವೈರು ಕಿತ್ತಳು. ನನಗೆ ನಾಚಿಕೆಯಾಯಿತು.

“ಒಗದುಬಿಡ್ರಿ ಇದನ್ನ,” ಎಂದಳು.

“ಇದೊಂದನ್ನ ಒಗದ್ರ ಏನಾತ್ರಿ? ಇಂಥವು ಓಣಿ ತುಂಬ ನಾನ ಹಾಕೀನಿ.”

ಬೇರೆ ಕಂಪನಿಯದು ತಂದರೂ ಅದರಲ್ಲಿ ತೂತಿಲ್ಲವೆಂದು ಹೇಳುವವರಾರು? ಸುವರ್ಣಾ ರಜೆ ಹಾಕಿ ಮನೆಯಲ್ಲೇ ಕುಳಿತಳು. ಉಳಿದದ್ದು ಇಪ್ಪತ್ತೇ ದಿನದ ರಜೆ. ಆಮೇಲೆ ಕೆಲಸ ಬಿಡುವುದೊಂದೇ ದಾರಿ. ಜೈತುನ್ ಕಂಪನಿಗೆ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು; ಯಾವ ಖಾನೆ, ಎಷ್ಟು ಅಕ್ಷರ ಎಂದು ಬಿಡಿಸಿ ಹೇಳಿದಳು. ಹದಿನೆಂಟನೆಯ ದಿನ ಕಂಪನಿಯಿಂದ ತೂತು ಮುಚ್ಚುವ ತಿದ್ದುಪಡಿ ಬಂತು. ಓಣಿಯ ಮನೆಮನೆಗೂ ಹೋಗಿ ಅವಳೇ ಹಾಕಿದಳು.

ಪರೀಕ್ಷೆಗೆ ಕೊಟ್ರಪ್ಪನವರನ್ನೇ ಕೂರಿಸಿದರು. ಅವರು ಮತ್ತೆ ಅಷ್ಟನ್ನೂ ಒತ್ತಿದರು. ನಾನು ಎಣಿಸಿದೆ. ಅರವತ್ನಾಲ್ಕು ತುಂಬಿದೊಡನೆ, ‘ಹೆಸರು ಉದ್ದವಾಯಿತು’ ಎಂದು ತೋರಿಸಿ ಗಟ್ಟಿಯಾಗಿ ನಿಂತೆ.

“ಊರು, ಓಣಿ ತೆಗೀತೀನಿ. ದೇವರನ್ನ ಬಿಡಂಗಿಲ್ಲ,” ಎಂದರು ಕೊಟ್ರಪ್ಪನವರು. ಅದಕ್ಕೂ ಕುರ್ಚಿ ಸಾಲಲಿಲ್ಲ. ಕೊನೆಗೆ ‘ಶ್ರೀ ವೀರಭದ್ರ’ ಎಂದಷ್ಟೇ ಒತ್ತಿ ಕೈಮುಗಿದರು.

ಈಗ ನನಗೆ ವಯಸ್ಸಾಗಿದೆ. ನನ್ನ ಮಾದರಿಗೆ ಕಂಪನಿ ತಿದ್ದುಪಡಿ ಕಳಿಸುವುದನ್ನು ನಿಲ್ಲಿಸಿದ ದಿನವೇ ಜೈತುನ್ ನನ್ನನ್ನು ತೆಗೆದು ತನ್ನ ಅಂಗಡಿಯ ಕಪಾಟಿನಲ್ಲಿಟ್ಟಳು. ಆ ಮನೆಯಲ್ಲೀಗ ಹೊಸಬನಿದ್ದಾನೆ. ನನಗೆ ಬೇಜಾರಿಲ್ಲ. ನನ್ನ ಕೊರತೆಯನ್ನು ಮುಚ್ಚಿಡದೆ ತಿದ್ದಿಸಿದವಳ ಕೈಗೆ ಸಿಕ್ಕೆನಲ್ಲ, ಅದೇ ಪುಣ್ಯ.

ಒಂದು ಮಾತ್ರ ಇನ್ನೂ ನೆನಪಿದೆ. ಕ್ಯಾಮೆರಾದ ವೈರು ಮತ್ತೆ ಸಿಕ್ಕಿಸಿ ಸುವರ್ಣಾ ಕೆಲಸಕ್ಕೆ ಮರಳಿದ ದಿನ ಮಧ್ಯಾಹ್ನ ನೀಲವ್ವ ಬಲಗೈಯನ್ನು ಕಷ್ಟಪಟ್ಟು ಎತ್ತಿ, ಬೆರಳನ್ನು ಬಾಯಿಗೆ ಒಯ್ದು, ‘ಉಂಡಿಯೇನು?’ ಎಂದು ಕ್ಯಾಮೆರಾಕ್ಕೆ ಸನ್ನೆ ಮಾಡಿದರು. ಆ ಚಿತ್ರವನ್ನು ನಾನು ಮಗಳೊಬ್ಬಳಿಗೇ ಮುಟ್ಟಿಸಿದೆ.