ಕೆಳಗೆ ರೊಟ್ಟಿ ಇದ್ದರೆ

ಬಳೆ, ಮತ್ತೆ ಬಳೆ, ಆ ಹೆಂಗಸು ಕೈ ಎತ್ತಿದರೆ ಬಳೆ, ಇಳಿಸಿದರೆ ಬಳೆ, ಪಡಸಾಲೆಯಿಂದ ಅಡುಗೆಮನೆವರೆಗೆ ಆ ಸಪ್ಪಳ ಬಂದು ಭಾಗ್ಯಜ್ಯೋತಿಯ ಹಲ್ಲಿನ ಬೇರಿಗೆ ಚುಚ್ಚುತ್ತಿದೆ, ಬೇರೆ ಯಾರಿಗೂ ಕೇಳಿಸುತ್ತಿಲ್ಲ, ಅಥವಾ ಕೇಳಿಸಿದರೂ ನೋಯುತ್ತಿಲ್ಲ, ನೋವು ಅವಳೊಬ್ಬಳಿಗೇ, ತಪ್ಪು, ಇಬ್ಬರಿಗೆ, ಹಿಂದಿನ ಖೋಲಿಯಲ್ಲಿ ಇರುವವನಿಗೂ. ಯಡ್ರಾಮಿಯಿಂದ ಹೆಣ್ಣು ನೋಡಲು ಬಂದವರು, ಕರೆಂಟಿನ ಆಫೀಸಿನಲ್ಲಿ ಲೈನ್‌ಮನ್ ಆಗಿರುವ ಹುಡುಗ, ಅವನ ಅಪ್ಪ, ಮತ್ತು ಆ ಬಳೆಗಳ ಹೆಂಗಸು, ಹುಡುಗನ ಅವ್ವ ಕಾಶಿಬಾಯಿ. ಸುಸಲಾ ತಿಂದಾಗಿದೆ, ಚಹಾ ಕುಡಿದಾಗಿದೆ, ಓದು ಕೇಳಿ ನೌಕರಿ ಕೇಳಿ ಆಗಿದೆ, ಈಗ ರೊಟ್ಟಿ. ನಮ್ಮನ್ಯಾಗ ಎರಡೂ ಹೊತ್ತು ರೊಟ್ಟಿ ಬೇಕ್ರಿ, ಮಷಿನ್ ರೊಟ್ಟಿ ನಮ್ಮವರು ಮುಟ್ಟಂಗಿಲ್ಲ, ಹುಡುಗಿ ಒಂದೆರಡು ಬಡೀಲಿ, ನೋಡೂಣು — ಕಾಶಿಬಾಯಿ ನಗುತ್ತಲೇ ಅಂದಳು, ಅವ್ವ ಸುಭದ್ರಾಬಾಯಿ ಅದಕ್ಕಿಂತ ಅಗಲವಾಗಿ ನಕ್ಕಳು, ಒಂದೆರಡ್ಯಾಕ್ರಿ, ಬುಟ್ಟಿ ತುಂಬ ಬಡೀತಾಳ, ಭಾಳ ಶಾಣ್ಯಾಕಿ ಇದ್ದಾಳ್ರಿ ನಮ್ಮ ಜ್ಯೋತಿ. ಶಾಣ್ಯಾಕಿ. ಹುಟ್ಟಿದಾಗಿನಿಂದ ಈ ಆಳಂದ ಊರು ಅವಳನ್ನು ಜಾಣೆ ಎಂಬ ಆ ಒಂದು ಮಾತಿನಲ್ಲೇ ಮುಗಿಸಿದೆ, ಕಚೇರಿಯ ಕಂಪ್ಯೂಟರಿನ ಮುಂದೆ ಕೂತು ಪಹಣಿಯ ಸರ್ವೆ ನಂಬರು ನೋಡದೆ ಹೇಳಿದರೆ ಶಾಣ್ಯಾಕಿ, ಮದುವೆಮನೆಯ ಗದ್ದಲ ತಾಳದೆ ಹಿತ್ತಲಿಗೆ ಓಡಿ ಪಾತ್ರೆ ತಿಕ್ಕುತ್ತ ಕೂತರೆ ಶಾಣ್ಯಾಕಿ, ಕೆಲಸ ಮುಗಿದ ಕೂಡಲೇ ಅದೇ ಓಣಿ ಹಿಡಿದು ಅದೇ ಮಗ್ಗುಲಿಗೆ ನಡೆದು ಮನೆ ಸೇರಿದರೆ ಶಾಣ್ಯಾಕಿ. ತಮ್ಮ ಮಹೇಶ ಕೂಡ ಆ ಓಣಿಯ ಆ ಮಗ್ಗುಲು ಬಿಟ್ಟು ನಡೆಯುವುದಿಲ್ಲ, ಅವನು ಹುಚ್ಚ. ಬಸ್‌ಸ್ಟ್ಯಾಂಡಿನ ಬೋರ್ಡು ಪೂರ್ತಿ ಅವನಿಗೆ ಬಾಯಿಪಾಠ, ಅಫಜಲಪುರ, ಜೇವರ್ಗಿ, ನೆಲೋಗಿ ಎಂದು ದಿನವಿಡೀ ಕೂಗುತ್ತಾನೆ, ಅವಳಿಗೂ ಅದೆಲ್ಲ ಬಾಯಿಪಾಠ, ಅವಳು ಬಾಯಿ ಬಿಡುವುದಿಲ್ಲ, ಅಷ್ಟೇ ವ್ಯತ್ಯಾಸ, ಅಷ್ಟಕ್ಕೇ ಒಬ್ಬರನ್ನು ಪಡಸಾಲೆಗೆ ಕರೆದು ಕೂಡಿಸುತ್ತಾರೆ, ಇನ್ನೊಬ್ಬರನ್ನು ಖೋಲಿಗೆ ಹಾಕಿ ಚಿಲಕ ಇಡುತ್ತಾರೆ.

ಹಿಟ್ಟಿಗೆ ಎಸರು ಬಿತ್ತು, ಬೆರಳು ಸುಟ್ಟಿತು, ಸುಡಲಿ, ನಾದಬೇಕು, ಗಟ್ಟಿಯಾಗಿ ನಾದಬೇಕು. ನಿಮ್ಮ ಮಗ ಎಲ್ಲಿದ್ದಾನ್ರಿ ಎಂದು ಹುಡುಗನ ಅಪ್ಪ ಕೇಳುವುದು ಕೇಳಿಸಿತು, ನೆಲೋಗಿಗೆ ಹೋಗ್ಯಾನ್ರಿ, ಚಿಗವ್ವನ ಮನಿಗೆ — ಅವ್ವನ ಬಾಯಲ್ಲಿ ಸುಳ್ಳು ಎಷ್ಟು ಮೆತ್ತಗೆ ಬರುತ್ತದೆ, ಅಪ್ಪ ಜಗದೇವಪ್ಪ ಕೆಮ್ಮಿದ, ಆತ ಯಾವಾಗಲೂ ಕೆಮ್ಮುತ್ತಾನೆ, ಸತ್ಯದ ಹತ್ತಿರ ಬಂದಾಗಲೆಲ್ಲ ಕೆಮ್ಮುತ್ತಾನೆ. ಬೆಳಿಗ್ಗೆ ಅವ್ವ ಹಳೆಯ ಸೀರೆಯ ಅಂಚು ಹರಿದು ಮಹೇಶನ ಎರಡೂ ಕೈ ಕೂಡಿಸಿ ಕಟ್ಟಿದ್ದಾಳೆ, ನೋವಾಗದಂಗ ಕಟ್ಟೀನಿ ಬೇ, ಹಂಗ್ಯಾಕ ನೋಡ್ತಿ, ನಿನ್ನ ಸಲುವಾಗೇ ಕಟ್ಟೀನಿ. ನನ್ನ ಸಲುವಾಗಿ. ಹೋದ ತಿಂಗಳ ಆರೋಗ್ಯ ಶಿಬಿರದಲ್ಲೂ ಹೀಗೇ, ಕಲಬುರಗಿಯಿಂದ ಬಂದಿದ್ದ ಡಾಕ್ಟರ್ ಬಾಯಿ ಮಹೇಶನ ಜೊತೆ ತಾಸುಗಟ್ಟಲೆ ಕೂತಳು, ಅವ್ವ ತನ್ನ ಜ್ವರದ ಕಥೆ ತೆಗೆದಳು, ಎಳೇದಿದ್ದಾಗ ಜ್ವರ ಬಂದು ತಲಿಗೇರ್ತುರಿ, ಡಾಕ್ಟರ್ ಬಾಯಿ ತಲೆ ಅಲ್ಲಾಡಿಸಿದಳು, ಜ್ವರದಿಂದ ಇದು ಬರೂದಿಲ್ಲಮ್ಮ, ಇದಕ್ಕ ಆಟಿಸಂ ಅಂತಾರ, ಹುಟ್ಟಿನಿಂದಲೇ ಇರ್ತದ, ಮನಿಯಾಗ ಇನ್ಯಾರಿಗಾದರೂ ಸ್ವಲ್ಪ ಹಿಂಗ ಇದೆಯೇನು, ಅಕ್ಕ ತಂಗಿಗೆ, ಅಣ್ಣ ತಮ್ಮಗೆ, ಒಡಹುಟ್ಟಿದವರಲ್ಲಿ ಕೆಲವರಿಗೆ ಇಷ್ಟಿಷ್ಟು ಇರ್ತದ, ಎಲ್ಲರಿಗೂ ಇರಬೇಕಂತಿಲ್ಲ, ಹೆಣ್ಣುಮಕ್ಕಳಾದರ ಮುಚ್ಚಿಟ್ಟುಕೊಳ್ಳೋದು ಕಲ್ತುಬಿಡ್ತಾರ, ಯಾರಿಗೂ ಗೊತ್ತಾಗೂದಿಲ್ಲ. ಇಲ್ರಿ, ಈಕಿ ಭಾಳ ಶಾಣ್ಯಾಕಿ, ಎಂದು ಅವ್ವ ಹೇಳುವಾಗ ಮೇಜಿನ ಕೆಳಗೆ ಜ್ಯೋತಿಯ ತೊಡೆ ಚಿವುಟಿದ್ದಳು. ಅಂದರೆ ಅವ್ವನಿಗೆ ಗೊತ್ತಿತ್ತು. ಗೊತ್ತಿಲ್ಲದವರು ಚಿವುಟುವುದಿಲ್ಲ. ಡಾಕ್ಟರ್ ಬಾಯಿ ಮಹೇಶನ ಬಗ್ಗೆ ಕೇಳುತ್ತ ಹೋದಂತೆ ಅವಳು ಒಳಗೇ ಒಂದೊಂದಕ್ಕೂ ಹೌದು ಹೌದು ಅನ್ನುತ್ತಿದ್ದಳು, ಬಟ್ಟೆಯ ಹೊಲಿಗೆ ಮೈಗೆ ಚುಚ್ಚುತ್ತದೆಯೇ, ಹೌದು, ಮಿಕ್ಸರ್ ಸಪ್ಪಳಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನೆಯೇ, ಹೌದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕಷ್ಟವೇ — ಸಣ್ಣವಳಿದ್ದಾಗ ಅವ್ವ ಗದ್ದ ಹಿಡಿದೆತ್ತಿ ಕಣ್ಣಾಗ ನೋಡಿ ಮಾತಾಡು ಎಂದು ಹೊಡೆದದ್ದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು, ಎದುರಿನವರ ಹಣೆಯ ಮೇಲಿನ ವಿಭೂತಿ ನೋಡುವುದು, ಮೂರು ಬೆರಳ ಗೆರೆ, ಎಲ್ಲಿ ದಪ್ಪ ಎಲ್ಲಿ ತೆಳು, ಮಂದಿ ಅದನ್ನು ಭಕ್ತಿ ಅಂದುಕೊಂಡರು, ಎಂಥಾ ಸಂಸ್ಕಾರದ ಹುಡುಗಿ ಅಂದರು. ಮಹೇಶನಿಗೆ ಉಪಾಯ ಹೊಳೆಯಲಿಲ್ಲ, ಅವನಿಗೆ ಬರೀ ಹೊಡೆತ ಸಿಕ್ಕವು.

ಹಂಚು ಕಾದಿದೆ, ಉಂಡೆ ಪರಾತಿನ ಅಗಲ ತಟ್ಟೆಗೆ ಬಿತ್ತು, ಒಣಹಿಟ್ಟು ಉದುರಿತು, ಈಗ ಕೈ. ಟಪ್ ಟಪ್, ಟಪ್ ಟಪ್, ಅಂಗೈ ಕೆಳಗೆ ರೊಟ್ಟಿ ಸುತ್ತು ತಿರುಗುತ್ತ ಅಗಲವಾಗುತ್ತದೆ, ಈ ಹೊತ್ತಿಗೆ ಮಾತ್ರ ಅವಳ ಮೈಯೊಳಗಿನ ಬಿಗಿಯೆಲ್ಲ ಸಡಿಲಾಗುತ್ತದೆ, ಕೈಗೆ ಇದೇ ಬೇಕು, ಹುಟ್ಟಿದಾಗಿನಿಂದ ಇದೇ ಬೇಕಾಗಿತ್ತು. ಖುಷಿಯಾದರೆ, ಹೆದರಿಕೆಯಾದರೆ ಸಣ್ಣವಳಿದ್ದಾಗ ಅವಳ ಎರಡೂ ಕೈ ತಾವೇ ಎದ್ದು ಗಾಳಿಯಲ್ಲಿ ಬಡಿದುಕೊಳ್ಳುತ್ತಿದ್ದವು, ಅವ್ವ ಸೌಟಿನಿಂದ ಮಣಿಕಟ್ಟಿಗೆ ಬಿಗಿದರೆ ಆಯಿ, ಅಂದರೆ ಅಜ್ಜಿ ನಿಂಬೆವ್ವ, ತಡೆದಳು, ಕೂಸಿಗೆ ಯಾಕ ಹೊಡೀತಿ ಬೇ ಸುಭದ್ರಿ, ಕೈ ಕೆಲಸ ಕೇಳ್ತಾವ, ಕೊಡು, ಮತ್ತು ಪರಾತಿನ ಮುಂದೆ ಕೂಡಿಸಿ ಅಂಗೈ ಕೆಳಗೆ ಒಂದು ಉಂಡೆ ಇಟ್ಟಳು. ಅಂದಿನಿಂದ ಯಾರೂ ಆ ಕೈಗೆ ಹೊಡೆಯಲಿಲ್ಲ. ಅದೇ ಕೈ, ಅದೇ ಬಡಿತ, ಕೆಳಗೆ ರೊಟ್ಟಿ ಬಂತು, ಹೊಗಳಿಕೆ ಬಂತು. ಮಹೇಶನೂ ಒಂದು ಮಧ್ಯಾಹ್ನ ಅವಳ ಮಗ್ಗುಲಿಗೆ ಬಂದು ಕೂತಿದ್ದ, ಆಯಿ ಆಗಲೇ ತೀರಿಕೊಂಡಿದ್ದಳು, ಉಂಡೆಯನ್ನು ಅವಳೇ ಕೊಟ್ಟಳು, ಅವನು ಬಡಿದ ರೊಟ್ಟಿ ಇಂದಿಗೂ ಕಣ್ಣ ಮುಂದಿದೆ, ಎಲ್ಲೂ ಸೀಳಿಲ್ಲ, ಅಂಚು ಗುಂಡಗೆ, ಅವಳದಕ್ಕಿಂತ ತೆಳು, ಎಂದೂ ನಗದವನು ನಕ್ಕ. ಅಪ್ಪ ಒಳಗೆ ಬಂದು ರಟ್ಟೆ ಹಿಡಿದು ಎಬ್ಬಿಸಿದ. ಗಂಡಸಾಗಿ ಹುಟ್ಟಿ ರೊಟ್ಟಿ ಬಡೀತಿ ಏನಲೇ, ಮಂದಿ ನೋಡಿದರ ಏನಂದಾರು. ಹುಚ್ಚ ಅಂದಾರು ಎಂಬ ಹೆದರಿಕೆಗಲ್ಲ, ಹೆಣ್ಣಿಗ ಅಂದಾರು ಎಂಬ ಹೆದರಿಕೆಗೆ. ಅಲ್ಲಿಗೆ ಅವನ ಕೈ ಮತ್ತೆ ಗಾಳಿಗೆ ಬಿದ್ದವು. ಗಾಳಿಯಲ್ಲಿ ಕೈ, ಕೆಳಗೆ ಏನೂ ಇಲ್ಲ, ಬೀದಿಯ ಹುಡುಗರು ಅಣಕಿಸುತ್ತ ಹಿಂದೆ, ಗಾಳಿಯಲ್ಲಿ ಕೈ. ಅಪ್ಪನ ಮೇಲಿನ ಸಿಟ್ಟು ಎಷ್ಟು ವರ್ಷದ್ದು ಎಂದು ಅವಳಿಗೆ ಗೊತ್ತಿಲ್ಲ, ಬಡಿದ ರೊಟ್ಟಿ ಹಂಚಿಗೆ ಹೋಯಿತು, ಮುಂದಿನ ಉಂಡೆಯ ಮೇಲೆ ಕೈ ಜೋರಾಗಿ ಬಿತ್ತು, ಟಪ್ ಟಪ್, ಆಗ ಹಿಂದಿನಿಂದ ಇನ್ನೊಂದು ಸಪ್ಪಳ, ಧಪ್ ಧಪ್, ಅವಳ ಜೊತೆಗೇ, ತಾಳ ತಪ್ಪದೆ. ಕೈ ಕಟ್ಟಿದ್ದಾರೆ, ಅವನು ಹಿಮ್ಮಡಿಯಿಂದ ಬಾಗಿಲಿಗೆ ಬಡಿಯುತ್ತಿದ್ದಾನೆ.

ಅದೇನ್ರಿ ಸಪ್ಪಳ ಎಂದಳು ಕಾಶಿಬಾಯಿ. ಬಾಜೂ ಮನ್ಯಾಗ ರೊಟ್ಟಿ ಬಡ್ಯಾಕತ್ತಾರ್ರಿ — ಅವ್ವ ಒಂದು ಉಸಿರೂ ತಡಮಾಡಲಿಲ್ಲ. ಬಾಜೂದಾಕಿ ಒದ್ದು ಬಡೀತಾಳೇನ್ರಿ ರೊಟ್ಟಿ, ಎಂದು ಹುಡುಗನ ಅಪ್ಪ ನಕ್ಕ, ಎಲ್ಲರೂ ನಕ್ಕರು, ಅವ್ವನೂ, ಹೆತ್ತ ಮಗನ ಹಿಮ್ಮಡಿಗೆ ನಕ್ಕಳು. ಜ್ಯೋತಿ ಕೈ ನಿಲ್ಲಿಸಿದಳು, ಹಿಂದೆಯೂ ನಿಂತಿತು. ಎರಡು ಬಡಿದಳು, ಎರಡು ಬಂತು. ಕಾಶಿಬಾಯಿ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಳು, ಕೆಟ್ಟ ಹೆಂಗಸಲ್ಲ, ದನಿಯಲ್ಲಿ ವಿಷವಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ. ಬ್ಯಾರೆ ತಿಳ್ಕೋಬ್ಯಾಡವ್ವಾ, ನಿನ್ನ ತಮ್ಮನ ವಿಚಾರ ಮಂದಿ ಹೇಳ್ಯಾರ, ಇರಲಿ, ನಮಗ ಒಬ್ಬನೇ ಮಗ, ನಾಳೆ ಮೊಮ್ಮಕ್ಕಳ ಮಾತು ಬರ್ತದ, ಅವನಿಗಿದ್ದದ್ದು ನಿನಗೇನರ ಅದ ಏನು, ಇಲ್ಲ ಅಂತ ನಿನ್ನ ಬಾಯಿಲೆ ಒಮ್ಮೆ ಅನ್ನು, ಹುಡುಗಗ ನೀ ಒಪ್ಪಿಗಿ ಅದಿ, ಇಲ್ಲೇ ಸಕ್ಕರಿ ಹಂಚೂಣು. ಹಿಂದೆ ಅವ್ವ, ಸೆರಗು ಬಾಯಿಗೆ ಒತ್ತಿಕೊಂಡು, ಅನ್ನು ಬೇ. ಒಂದು ಮಾತು, ಇಲ್ಲ, ಅಷ್ಟಂದರೆ ಯಡ್ರಾಮಿ, ಮನೆ, ಗಂಡ, ಇನ್ನೊಂದು ಅಡುಗೆಮನೆ, ಅಲ್ಲಿಯೂ ವಿಭೂತಿ ನೋಡುತ್ತ ಮುಚ್ಚಿಟ್ಟುಕೊಳ್ಳುತ್ತ ಮುದುಕಿಯಾಗುವುದು, ನಾಳೆ ಹುಟ್ಟುವ ಕೂಸಿನ ಕೈ ಗಾಳಿಗೆ ಎದ್ದರೆ ತಾನೇ ಸೀರೆಯ ಅಂಚು ಹರಿಯುವುದು, ಮತ್ತು ಮಹೇಶ ಈ ಮನೆಯಲ್ಲಿ ಒಬ್ಬನೇ ಹುಚ್ಚ, ಬಡಿದರೆ ತಿರುಗಿ ಬಡಿಯುವವರು ಯಾರೂ ಇಲ್ಲದ ಹುಚ್ಚ. ಅದ ರೀ, ಅಂದಳು ಜ್ಯೋತಿ. ದನಿ ದೊಡ್ಡದಾಗಿರಲಿಲ್ಲ. ನನಗೂ ಅದ ರೀ. ಅವ್ವಾ, ಅವನ ಕೈ ಬಿಚ್ಚು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು, ಅವ್ವ ಏನೋ ಅನ್ನುತ್ತಿದ್ದಾಳೆ, ತಮಾಷಿ ಮಾಡ್ತಾಳ್ರಿ, ಅಪ್ಪ ಕೆಮ್ಮುತ್ತಿದ್ದಾನೆ, ಮಾತುಗಳು ದೂರ ಹೋಗುತ್ತಿವೆ, ಅವಳ ಎರಡೂ ಕೈ ಪರಾತು ಬಿಟ್ಟು ತಾವೇ ಎದ್ದಿವೆ, ಮುಖದ ಎದುರಿಗೆ, ಎಲ್ಲರ ಎದುರಿಗೆ, ಹಿಟ್ಟು ಉದುರುತ್ತಿದೆ, ಬಡಿಯುತ್ತಿವೆ, ಬಾಗಿಲ ಆಚೆ ಹಿಮ್ಮಡಿ, ಈಚೆ ಕೈ, ಗಾಳಿಯಲ್ಲಿ ಕೈ, ಕೆಳಗೆ ರೊಟ್ಟಿ ಇಲ್ಲ, ಗಾಳಿಯಲ್ಲಿ ಕೈ, ಕೆಳಗೆ ರೊಟ್ಟಿ ಇಲ್ಲ, ಗಾಳಿಯಲ್ಲಿ —